ಹೂಮಳೆ ಕಳೆದ ಮೇಲೆ

ಜೀಪು ಹಿಂದಿನ ದಾರಿಯಿಂದಲೇ ಬರಬೇಕೆಂದು ಅತ್ತಿಗೆ ಮೊದಲೇ ಹೇಳಿ ಕಳಿಸಿದ್ದಳು. ಹಿಂದಿನ ದಾರಿ ಎಂದರೆ ಸೌದೆ ಗಾಡಿ ಬಂದುಹೋಗಲು ಮಾಡಿಕೊಂಡ ಏರು. ಎರಡು ಕಡೆ ಮುಳ್ಳುಪೊದೆ, ನಡುವೆ ತಲೆ ಗಾತ್ರದ ಕಲ್ಲುಗಳು. ಡ್ರೈವರು ಒಂದೊಂದು ಕಲ್ಲಿಗೂ ಒಂದೊಂದು ಸಲ ಗೊಣಗುತ್ತಿದ್ದ.

"ಮುಂದಿನ ರಸ್ತೆ ಕೈಯಲ್ಲಿ ಸವರಿದ ಹಾಗಿದೆ. ಸೊಂಟ ಮುರಿದೋರನ್ನ ಇಲ್ಲಿ ಯಾಕಪ್ಪಾ ಕುಲುಕಿಸ್ತೀರಿ?"

"ಅಲ್ಲಿ ಮೋರಿ ಕುಸಿದಿದೆ," ಎಂದ ತಮ್ಮ.

ಡ್ರೈವರು ಅವತ್ತು ಬೆಳಿಗ್ಗೆ ಅದೇ ಮೋರಿ ದಾಟಿ ಪಟ್ಟಣಕ್ಕೆ ಹೋಗಿದ್ದ. ಕನ್ನಡಿಯಲ್ಲಿ ತಮ್ಮನ ಮುಖ ನೋಡಿದ. ಏನನ್ನಿಸಿತೋ, ಮುಂದಿನ ಕಲ್ಲನ್ನು ನಿಧಾನಕ್ಕೆ ಬಳಸಿ ಹತ್ತಿಸಿದ.

ಹಿಂದಿನ ಸೀಟು ಬಿಚ್ಚಿ ಹಾಸಿದ ಹಾಸಿಗೆಯಲ್ಲಿ ಅಣ್ಣ ಅಂಗಾತ ಮಲಗಿದ್ದ. ಅವನಿಗೆ ಕಾಣುತ್ತಿದ್ದದ್ದು ಜೀಪಿನ ಟಾರ್ಪಾಲು ಮಾತ್ರ. ಆದರೂ ಮುಖದಲ್ಲಿ ನಗುವಿತ್ತು. ನೆರಳು ಮರದ ಕೊಂಬೆ ಸವರಲು ಹತ್ತಿದವನು ಏಣಿಯ ಸಮೇತ ಬಿದ್ದು ಆಸ್ಪತ್ರೆ ಸೇರಿದ್ದ; ಹೋದಾಗ ಕಾಫಿ ಕಾಯಿ ಇನ್ನೂ ಹಸಿರಾಗಿತ್ತು. ಈಗ ಹಣ್ಣು ಕಿತ್ತು, ಒಣಗಿಸಿ, ಮೂಟೆ ಕಟ್ಟಿ ಮುಗಿದಿರಬೇಕಾದ ಕಾಲ. ಸೊಂಟದಿಂದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಇನ್ನು ಮುಂದೆಯೂ ತಿಳಿಯುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

"ಈಗ ಬಂಡೆ ಹತ್ರ ಬಂದ್ವಿ ಅಲ್ವೇನೋ ಮರಿ?"

"ಹೂಂ ಅಣ್ಣ."

"ಹಿಂದಿನ ದಾರಿ ಆದ್ರೂ ಪರವಾಗಿಲ್ಲ. ಮನೆ ಮನೇನೇ."

ಮನೆಯಲ್ಲಿ ಅತ್ತಿಗೆ ಹಿಂದಿನ ಕೋಣೆಯನ್ನು ಗುಡಿಸಿ, ಸಾರಿಸಿ, ಮಂಚ ಹಾಕಿಸಿದ್ದಳು. ಆ ಕೋಣೆಗೆ ಒಂದೇ ಕಿಟಕಿ. ಅದು ಸೌದೆ ಕೊಟ್ಟಿಗೆಯ ಗೋಡೆಗೆ ತೆರೆದುಕೊಳ್ಳುತ್ತಿತ್ತು. ಇಷ್ಟು ವರ್ಷ ಗಂಡ ಹೆಂಡತಿ ಮಲಗುತ್ತಿದ್ದ ಮುಂದಿನ ಕೋಣೆಯ ಕಿಟಕಿ ತೆರೆದರೆ ತೋಟದ ಇಳಿಜಾರು ಪೂರ್ತಿ ಕಾಣುತ್ತಿತ್ತು.

"ಇಲ್ಯಾಕೆ? ನಮ್ಮ ಕೋಣೆಗೆ ಏನಾಯ್ತು?" ಎಂದು ಅಣ್ಣ ಕೇಳಿದ.

"ಅಲ್ಲಿ ಬಿಸಿಲು ಹೊಡೆಯುತ್ತೆ. ನೆರಳಲ್ಲಿರಲಿ ಅಂತ ಹೇಳಿದಾರೆ."

"ನೆರಳಲ್ಲಿ ಬೆಳೆಸೋಕೆ ನಾನೇನು ಕಾಫಿ ಗಿಡಾನೇನೇ?"

ಅತ್ತಿಗೆ ನಕ್ಕಳು. ನಗುತ್ತಲೇ ದಿಂಬು ಸರಿಮಾಡಿ ಅಡುಗೆಮನೆಗೆ ಹೋದಳು. ತಮ್ಮ ನೀರು ತರಲೆಂದು ಹಿಂದೆಯೇ ಹೋದಾಗ ಅವಳು ಒಲೆಯ ಮುಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಇಳಿಜಾರಿನಲ್ಲಿ ಕಾಫಿ ಗಿಡ ಒಂದೂ ಇರಲಿಲ್ಲ.

ಅಣ್ಣ ಆಸ್ಪತ್ರೆ ಸೇರಿದ ಮೇಲೆ, ಹಣ್ಣು ಕೆಂಪಾಗುವ ಮೊದಲೇ, ಕೆಳಗಿನ ಸಾಲಿನ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ನೀರು ಸಾಲದೇನೋ ಎಂದುಕೊಂಡು ತಮ್ಮ ಒಂದು ಗಿಡವನ್ನು ಹಿಡಿದು ಅಲುಗಿಸಿದರೆ ಅದು ಬುಡದಲ್ಲಿ ಲಟಕ್ಕೆಂದು ಮುರಿದು ಕೈಗೆ ಬಂತು. ಒಳಗೆ ಕಾಂಡದ ತುಂಬ ಸುರಂಗ, ಸುರಂಗದಲ್ಲಿ ಹಿಟ್ಟಿನಂಥ ಪುಡಿ, ಪುಡಿಯ ನಡುವೆ ಬೆರಳುಗುರಿನಷ್ಟು ಬೆಳ್ಳನೆಯ ಹುಳು. ಕಾಂಡಕೊರಕ. ಬೆಳೆ ಅಧಿಕಾರಿ ಬಂದು ಸಾಲು ಸಾಲಾಗಿ ಕಾಂಡ ತಟ್ಟಿ ನೋಡಿದರು. ಮೇಲಿನ ಅಂಚಿನ ತನಕ ಹೋಗಿ, ಟೋಪಿ ತೆಗೆದು ಬೆವರು ಒರೆಸಿಕೊಂಡು ನಿಂತರು. ಹೊರಗೆ ಚೆನ್ನಾಗಿ ಕಾಣುವುದರೊಳಗೂ ಮೊಟ್ಟೆ ಇದೆ, ಬೇಸಿಗೆಗೆ ಹಾರಿ ಆಚೆ ಗುಡ್ಡಕ್ಕೂ ಹೋಗುತ್ತದೆ, ಕಿತ್ತು ಸುಡದೆ ಬೇರೆ ದಾರಿ ಇಲ್ಲ ಎಂದರು. ಈ ಗುಡ್ಡದ ಮೇಲೆ ಯಾರ ತೋಟವೂ ಉಳಿಯಲಿಲ್ಲ. ಕೆಳಗಿನ ಮನೆಯವನು ಆಗಲೇ ಹಠ ಬಿಟ್ಟು ತರಕಾರಿಗೆ ಮಡಿ ಮಾಡುತ್ತಿದ್ದ.

ತಮ್ಮ ಈ ಸುದ್ದಿಯನ್ನು ಹೇಳಲೆಂದೇ ಆಸ್ಪತ್ರೆಗೆ ಹೋಗಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಹೋಗಿ ನೋಡಿದರೆ ಅತ್ತಿಗೆ ಗಂಜಿಯ ಬಟ್ಟಲು ಹಿಡಿದುಕೊಂಡು ಮಂಚದ ಪಕ್ಕ ಕೂತಿದ್ದಳು. ಕಾಲು ಬರುವುದಿಲ್ಲವೆಂದು ತಿಳಿದ ದಿನದಿಂದ ಅಣ್ಣ ಬಾಯಿ ತೆರೆದಿರಲಿಲ್ಲ. ಮೂಗಿಗೆ ನಳಿಗೆ ಹಾಕಬೇಕಾಗುತ್ತದೆಂದು ನರ್ಸುಗಳು ಹೆದರಿಸಿದ್ದರು. ತಮ್ಮನನ್ನು ಕಂಡಾಗ ಅಣ್ಣನ ಕಣ್ಣು ಮೊದಲ ಸಲ ಅಲುಗಿತು.

"ಹಣ್ಣು ಹೇಗಿದೆಯೋ?"

ಅತ್ತಿಗೆಯ ಕೈಯಲ್ಲಿ ಚಮಚ ಅಣ್ಣನ ತುಟಿಯ ಹತ್ತಿರವೇ ಇತ್ತು.

"ಚೆನ್ನಾಗಿದೆ ಅಣ್ಣ," ಎಂದ ತಮ್ಮ. "ಕೊಂಬೆ ಬಗ್ಗಿದೆ."

ಅಣ್ಣ ಬಾಯಿ ತೆರೆದ. ಅತ್ತಿಗೆ ಚಮಚ ಒಳಗಿಟ್ಟಳು. ಆ ಒಂದು ಬಟ್ಟಲು ಮುಗಿಯುವ ತನಕ ತಮ್ಮ ಹಣ್ಣಿನ ಕಥೆ ಹೇಳುತ್ತಲೇ ಇದ್ದ. ಹೊರಗೆ ಕಾರಿಡಾರಿನಲ್ಲಿ ಅತ್ತಿಗೆಗೆ ನಿಜ ಹೇಳಿದಾಗ ಅವಳು ಕೈಯಲ್ಲಿದ್ದ ಖಾಲಿ ಬಟ್ಟಲನ್ನು ಸೆರಗಿನಿಂದ ಒರೆಸಿದಳು.

"ಅವರಿಗೆ ಹೇಳೋದು ಬೇಡ," ಎಂದಳು. "ಕಾಲೂ ಇಲ್ಲ, ತೋಟಾನೂ ಇಲ್ಲ ಅಂದ್ರೆ ಆ ಮನುಷ್ಯನ ಹತ್ರ ಇನ್ನೇನಿರುತ್ತೆ?"

"ಎಷ್ಟು ದಿನ ಅತ್ತಿಗೆ?"

"ಸ್ವಲ್ಪ ಗಟ್ಟಿಯಾಗಲಿ. ಆಮೇಲೆ ನಾನೇ ಹೇಳ್ತೀನಿ."

ಅಪ್ಪ ಅಮ್ಮ ಹೋದಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ. ಅವನಿಗೆ ಬಟ್ಟೆ ಹೊಲಿಸಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ಮಕ್ಕಳಾಗದ ಈ ಅತ್ತಿಗೆಯೇ. ಅವಳ ಮಾತನ್ನು ಅವನು ಮೀರಿದವನಲ್ಲ.

ಮನೆಗೆ ಬಂದ ಮೇಲೆ ಅಣ್ಣ ಗೆಲುವಾದ. ಮಂಚದಲ್ಲೇ ತೋಟದ ಯಜಮಾನಿಕೆ ನಡೆಸಿದ. ಬೆಳಿಗ್ಗೆ ಎದ್ದು ಮುಖ ತೊಳೆಸಿಕೊಂಡ ಕೂಡಲೇ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ತಮ್ಮನನ್ನು ಕರೆಯುತ್ತಿದ್ದ. ಇವತ್ತು ಚಿಗುರು ಸವರಿಸು, ನಡುವಿನ ಸಾಲಿಗೆ ಗೊಬ್ಬರ ಕೊಡಿಸು, ಗುಡ್ಡದ ತುದಿಯ ಅಜ್ಜನ ಪಟ್ಟೆಗೆ ಮಾತ್ರ ನೀನೇ ಹೋಗು, ಆಳುಗಳನ್ನು ಬಿಡಬೇಡ. ತಮ್ಮ ಎಲ್ಲಕ್ಕೂ ಹೂಂಗುಟ್ಟಿ, ಕತ್ತಿ ಹಿಡಿದುಕೊಂಡು ಹೊರಟು, ಕತ್ತಿಯನ್ನು ಮುಂಬಾಗಿಲ ಸಂದಿಯಲ್ಲಿಟ್ಟು ಗುಡ್ಡದಾಚೆಯ ಮರದ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದ. ಒಂದು ಸಂಜೆ ಅಣ್ಣ ಮೂಗು ಅರಳಿಸಿ, "ನಿನ್ನ ಮೈಯಿಂದ ಕೊಯ್ದ ಮರದ ವಾಸನೆ ಬರ್ತಿದೆಯಲ್ಲೋ" ಎಂದ. ನೆರಳು ಮರ ಒಂದು ಬಿದ್ದಿತ್ತು, ಕೊಯ್ಸಿದ್ವಿ ಎಂದು ತಮ್ಮ ಹೇಳಿದ. ಯಾವ ಮರ, ಎಲ್ಲಿಯದು ಎಂದೆಲ್ಲ ಅಣ್ಣ ವಿಚಾರಿಸಿದ. ಅಷ್ಟು ಬೇಗ ಮರವೊಂದನ್ನು ಹುಟ್ಟಿಸಿ ಬೀಳಿಸುವುದು ತಮ್ಮನಿಗೆ ಕಷ್ಟವಾಯಿತು. ಮಾರನೆಯ ದಿನದಿಂದ ಮಿಲ್ಲಿನ ನಲ್ಲಿಯಲ್ಲೇ ಸ್ನಾನ ಮಾಡಿ ಬರತೊಡಗಿದ.

ನೋಡಲು ಬರುವವರದ್ದು ಇನ್ನೊಂದು ಕಷ್ಟ. ಕೆಳಗಿನ ಮನೆಯವನಿಗೆ ಊರೆಲ್ಲ ರೇಡಿಯೋ ಎಂದು ಹೆಸರಿಟ್ಟಿತ್ತು. ಕಿವಿಗೆ ಬಿದ್ದದ್ದನ್ನು ಬಿತ್ತರಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನು ಬಂದಾಗ ಅತ್ತಿಗೆ ಬಾಗಿಲಲ್ಲೇ ಕೈ ಮುಗಿದು ತೋಟದ ಸುದ್ದಿ ಎತ್ತುವುದಿಲ್ಲವೆಂದು ಮಾತು ತೆಗೆದುಕೊಂಡಳು. ಆದರೂ ಅವನು ಒಳಗೆ ಕೂತು, "ಹೋಗಲಿ ಬಿಡಿ, ಮಣ್ಣಿದ್ರೆ ಮತ್ತೆ..." ಎಂದು ಶುರುಮಾಡಿಬಿಟ್ಟ. ಅತ್ತಿಗೆ ಕಾಫಿಯ ಲೋಟವನ್ನು ಅವನ ಮೊಣಕಾಲಿನ ಮೇಲೆ ಚೆಲ್ಲಿದಳು. ಪಾಪ, ಅವನು ಹಾರಿಬಿದ್ದು ಹೊರಗೋಡಿದ. ಅಣ್ಣ ಬಹಳ ಹೊತ್ತು ನಕ್ಕ. "ರೇಡಿಯೋ ಆಫ್ ಮಾಡೋಕೆ ಇದೊಂದೇ ಸ್ವಿಚ್ಚು ನೋಡು," ಎಂದ.

ಅವನಿಗೆ ಮಾತು ಬೇಕಾಗಿತ್ತು. ಸಂಜೆ ತಮ್ಮ ಪಕ್ಕದಲ್ಲಿ ಕೂತರೆ ಹಳೆಯದೆಲ್ಲ ತೆಗೆಯುತ್ತಿದ್ದ. ಈ ಗುಡ್ಡಗಳೆಲ್ಲ ಒಂದು ಕಾಲಕ್ಕೆ ಕಂಪನಿಯ ತೋಟ. ಅಜ್ಜ ಅಲ್ಲಿ ಹಣ್ಣು ಕೀಳುವ ಆಳು. ಆಳುಗಳು ಸ್ವಂತಕ್ಕೆ ಒಂದು ಗಿಡವನ್ನೂ ನೆಡುವಂತಿರಲಿಲ್ಲ. ಗುಡಿಸಲ ಹಿಂದೆ ಕಾಫಿ ಸಸಿ ಸಿಕ್ಕರೆ ಚಾವಟಿ. ಕುಡಿಯಲು ಬೀಜವೂ ಇಲ್ಲ. ಗಿರಣಿಯ ಹಿಂದೆ ರಾಶಿ ಬಿದ್ದ ಸಿಪ್ಪೆಯನ್ನು ತಂದು ಕುದಿಸಿ, ಆ ಕೆಂಪು ನೀರಿಗೇ ಕಾಫಿ ಎಂದು ಹೆಸರಿಟ್ಟುಕೊಂಡು ಕುಡಿಯುತ್ತಿದ್ದರು. ಅಜ್ಜ ಒಂದು ಹಿಡಿ ಹಣ್ಣನ್ನು ಬಾಯೊಳಗೆ ದವಡೆಗೆ ಒತ್ತಿಟ್ಟುಕೊಂಡು ಗೇಟು ದಾಟಿದ್ದ. ಕಾವಲುಗಾರ ಹೆಸರು ಕೇಳಿದಾಗ ಹಲ್ಲುನೋವೆಂದು ಕೆನ್ನೆ ತೋರಿಸಿದ್ದ.

"ಗುಡ್ಡದ ತುದೀಲಿ, ಯಾರೂ ಹತ್ತದೇ ಇರೋ ಕಡೆ, ಪೊದೆ ಮಧ್ಯೆ ನೆಟ್ಟ. ಸಿಕ್ಕಿಬಿದ್ದ, ಏಟೂ ತಿಂದ. ಕಿತ್ತು ಹಾಕಿದ್ರೆ ಮತ್ತೆ ನೆಟ್ಟ. ಕಂಪನಿಯೋರು ಊರು ಬಿಟ್ಟು ಹೋದ್ರು, ಗಿಡ ಉಳೀತು. ಅದೇ ನಮ್ಮ ಅಜ್ಜನ ಪಟ್ಟೆ." ಅಣ್ಣ ಪ್ರತಿ ಸಲವೂ ಇಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. "ಅಪ್ಪ ಸ್ವಂತ ಬೀಜ ಹುರಿದು ಪುಡಿ ಮಾಡಿ ಅಜ್ಜನಿಗೆ ಮೊದಲ ಲೋಟ ಕೊಟ್ಟಾಗ ಆ ಮುದುಕ ಏನಂದ ಗೊತ್ತಾ? ಸಿಪ್ಪೇದೇ ಚೆನ್ನಾಗಿತ್ತು ಅಂದ."

ಅತ್ತಿಗೆಯ ಅಪ್ಪ ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಬಂದು, ಒಂದು ಲೋಟ ಕಾಫಿ ಕುಡಿದು, ಇನ್ನೊಂದು ಲೋಟ ಕೇಳಿದ್ದನ್ನೂ ಅಣ್ಣ ಹೇಳುತ್ತಿದ್ದ. "ಎರಡನೇ ಲೋಟ ಕೇಳಿದಾಗಲೇ ಗೊತ್ತಾಯ್ತು ನನಗೆ, ಇವಳು ಬಂದಳು ಅಂತ." ಅಡುಗೆಮನೆಯಿಂದ ಅತ್ತಿಗೆ, "ನಮ್ಮಪ್ಪನಿಗೆ ದಾರಿ ನಡೆದು ಬಾಯಾರಿತ್ತು, ಅಷ್ಟೇ" ಎನ್ನುತ್ತಿದ್ದಳು. ಅಂಥ ಸಂಜೆಗಳಲ್ಲಿ, ಮುಂಬಾಗಿಲು ಮುಚ್ಚಿದ್ದರೆ, ತಮ್ಮನಿಗೂ ಹೊರಗೆ ತೋಟವಿದೆ ಎಂದೇ ಅನ್ನಿಸಿಬಿಡುತ್ತಿತ್ತು.

ವಾರಕ್ಕೊಮ್ಮೆ ಬೆನ್ನಿನ ಹುಣ್ಣು ತೊಳೆಯಲು ಬರುತ್ತಿದ್ದ ನರ್ಸಮ್ಮ ಒಂದು ದಿನ ಕೈ ಒರೆಸಿಕೊಳ್ಳುತ್ತ, "ಆಸ್ಪತ್ರೇಲಿ ಗಾಲಿ ಕುರ್ಚಿ ಒಂದು ಖಾಲಿ ಇದೆ. ಕಳಿಸಿಕೊಡಲಾ? ಕೂತು ಓಡಾಡಿದ್ರೆ ಹುಣ್ಣು ಬೇಗ ಮಾಯುತ್ತೆ" ಎಂದಳು.

ಅತ್ತಿಗೆ ತಟ್ಟನೆ, "ಇನ್ನೂ ಸ್ವಲ್ಪ ದಿನ ಹೋಗಲಿ" ಎಂದಳು.

"ದಿನ ಹೋದಷ್ಟೂ ಕಷ್ಟ ಕಣಮ್ಮ. ಮಲಗೇ ಇದ್ರೆ ಮಾಂಸ ಕೊಳೆಯುತ್ತೆ."

"ನೋಡೋಣ. ಹೇಳಿ ಕಳಿಸ್ತೀನಿ."

ನರ್ಸಮ್ಮನನ್ನು ಬಿಟ್ಟು ಬರಲು ಹೋದ ತಮ್ಮ ಅಂಗಳದಲ್ಲೇ ನಿಂತುಬಿಟ್ಟ. ಅತ್ತಿಗೆ ಮುಂಬಾಗಿಲ ಮೆಟ್ಟಿಲಿಗೆ ಬಂದಳು. ಅವರ ಮುಂದೆ ಬೋಳು ಇಳಿಜಾರು ಬಿಸಿಲಿಗೆ ಬಿದ್ದಿತ್ತು. ಸುಟ್ಟ ಜಾಗಗಳಲ್ಲಿ ಕಪ್ಪು ಮಚ್ಚೆ, ಉಳಿದಲ್ಲಿ ಬೇರು ಕಿತ್ತ ಗುಂಡಿ.

"ಕುರ್ಚಿ ತರಿಸೋಣ ಅತ್ತಿಗೆ. ಹೇಳಿಬಿಡೋಣ. ಇದು ಮಹಾಪಾಪ."

"ನನಗೆ ಗೊತ್ತಿಲ್ವಾ ಪಾಪ ಅಂತ?" ಅವಳ ದನಿ ಏರಲಿಲ್ಲ. "ಆಸ್ಪತ್ರೇಲಿ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ರಲ್ಲ, ಆಗ ನೀನು ವಾರಕ್ಕೊಂದು ಸಲ ಬಂದು ಹೋಗ್ತಿದ್ದೆ. ನಾನು ದಿನಾ ನೋಡಿದೀನಿ. ಮತ್ತೆ ಅದನ್ನ ನೋಡೋ ಶಕ್ತಿ ನನಗಿಲ್ಲ ಕಣೋ."

ಕುರ್ಚಿ ಆಸ್ಪತ್ರೆಯಲ್ಲೇ ಉಳಿಯಿತು.

ಆಮೇಲೆ ಒಂದು ಮಧ್ಯಾಹ್ನ ಗಾಳಿ ಎದ್ದು ಆಕಾಶ ಕಪ್ಪಾಗಿ ಮಳೆ ಸುರಿಯಿತು. ಬೇಸಿಗೆಯ ನಡುವಿನ ಆ ಮೊದಲ ಮಳೆಗೆ ಕಾಫಿಯವರು ಹೂಮಳೆ ಎನ್ನುತ್ತಾರೆ. ಅದು ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಒಂದೇ ಬೆಳಗ್ಗೆ ಬಿಳಿ ಹೂವಾಗುತ್ತದೆ. ಅಣ್ಣ ಮಂಚದಲ್ಲಿ ಕಣ್ಣು ಮುಚ್ಚಿ ಹೆಂಚಿನ ಮೇಲಿನ ಸದ್ದು ಕೇಳುತ್ತಿದ್ದ. ನಿಲ್ಲಬೇಡ, ನಿಲ್ಲಬೇಡ ಎಂದು ತುಟಿ ಅಲುಗುತ್ತಿತ್ತು. ಮಳೆ ಚೆನ್ನಾಗಿ ನೆಲ ನೆನೆಸಿ ನಿಂತಾಗ ಅವನು ಅತ್ತಿಗೆಯನ್ನು ಕರೆದು ಅವಳ ಕೈ ಹಿಡಿದುಕೊಂಡ.

"ಈ ಸಲ ಹೂವು ನೋಡೋಕಾಗಲ್ಲ. ವಾಸನೆ ಸಾಕು ನನಗೆ. ಆ ಕಿಟಕಿ ಮುಚ್ಚಬೇಡ."

ಅವತ್ತಿನಿಂದ ಕಿಟಕಿ ಹಗಲೂ ರಾತ್ರಿ ತೆರೆದೇ ಇತ್ತು. ಅತ್ತಿಗೆ ಮತ್ತು ತಮ್ಮ ಒಬ್ಬರನ್ನೊಬ್ಬರು ನೋಡುವುದನ್ನೇ ಬಿಟ್ಟರು. ಕಾಫಿ ಹೂವಿನ ವಾಸನೆ ಎಂದರೆ ಸಣ್ಣದಲ್ಲ. ಹೂವಿನ ದಿನಗಳಲ್ಲಿ ಅದು ಮನೆಯ ಒಳಗೆ, ಬಟ್ಟೆಯಲ್ಲಿ, ಅನ್ನದಲ್ಲಿ ಕೂಡ ಇರುತ್ತಿತ್ತು. ಜೇನ್ನೊಣಗಳ ಗುಂಯ್‌ಗುಡುವಿಕೆ ದೂರದ ಗಿರಣಿಯಂತೆ ದಿನವಿಡೀ ಕೇಳುತ್ತಿತ್ತು. ಅದನ್ನು ತರುವುದು ಹೇಗೆ?

"ಮಳೆ ಸಾಲಲಿಲ್ಲ ಅಂತೀನಿ," ಎಂದ ತಮ್ಮ.

"ಹಾಗೇ ಹೇಳು," ಎಂದಳು ಅತ್ತಿಗೆ.

ಮಳೆ ಬಿದ್ದ ಹತ್ತನೆಯ ದಿನ ಬೆಳಿಗ್ಗೆ ಅಣ್ಣ ಕೇಳಿಯೇಬಿಟ್ಟ. "ಹೂ ಬಂತಾ?"

"ಇಲ್ಲ ಅಣ್ಣ. ಮಳೆ ಸಾಲಲಿಲ್ಲ ಅನ್ಸುತ್ತೆ. ಮೊಗ್ಗು ಹಾಗೇ ನಿಂತಿದೆ."

"ಸಾಲಲಿಲ್ವಾ?" ಅಣ್ಣನ ಹುಬ್ಬು ಗಂಟಾಯಿತು. "ಸೂರಿನ ನೀರು ಎಷ್ಟು ಹೊತ್ತು ಸುರೀತು ಅಂತ ಮಲಗಿ ಕೇಳಿದೀನಿ ನಾನು. ಅಷ್ಟು ಮಳೆಗೆ ಹೂ ಬರ್ಲಿಲ್ಲ ಅಂದ್ರೆ ಗಿಡಕ್ಕೇ ಏನೋ ಆಗಿದೆ. ಕಾಂಡ ನೋಡಿದ್ಯಾ? ಬುಡ ತಟ್ಟಿ ನೋಡಿದ್ಯಾ? ಒಂದು ರೆಂಬೆ ಕಿತ್ತು ತಾ ಇಲ್ಲಿ. ಈಗಲೇ ತಾ."

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅತ್ತಿಗೆ ಒಮ್ಮೆಲೇ ಹೇಳಿದಳು: "ಅವನಿಗೇನು ಗೊತ್ತು, ಈಗಿನ್ನೂ ಎದ್ದು ಬಂದಿದಾನೆ. ಬಂದಿದೆ ರೀ. ಬೆಳ್ಳಗೆ ಹಾಸಿದ ಹಾಗಾಗಿದೆ. ನಾನೀಗ ನೋಡಿ ಬಂದೆ."

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿ ಉಸಿರೆಳೆದ. ಇನ್ನೊಮ್ಮೆ ಎಳೆದ.

"ವಾಸನೆ ಬರ್ತಾ ಇಲ್ವಲ್ಲೇ."

"ಮನೆ ತುಂಬಾ ಇದೆ. ನಿಮಗೆ ಗೊತ್ತಾಗ್ತಿಲ್ವಾ?" ಎಂದಳು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ತಿಳಿದಿರಬೇಕು. ಲೋಟವನ್ನು ತಮ್ಮನ ಕೈಗಿತ್ತು, ಒಲೆಯ ಮೇಲೆ ಹಾಲಿದೆ ಎನ್ನುತ್ತ ಹೊರಟುಹೋದಳು.

ಕೋಣೆಯಲ್ಲಿ ಅಣ್ಣ ತಮ್ಮ ಇಬ್ಬರೇ ಉಳಿದರು. ಅಣ್ಣ ತನ್ನ ತೊಡೆಗಳನ್ನು ನೋಡಿದ. ಹೊದಿಕೆಯ ಮೇಲೆ ಕೈಯಿಟ್ಟು, ಹೊಟ್ಟೆಯ ಮೇಲೆ, ಎದೆಯ ಮೇಲೆ, ನಿಧಾನಕ್ಕೆ ಮುಖದ ತನಕ ತಂದು ಮೂಗನ್ನು ಮುಟ್ಟಿದ. ಸತ್ತುಹೋದದ್ದು ಸೊಂಟ ದಾಟಿ ಮೇಲಕ್ಕೆ ಹತ್ತುತ್ತಿದೆಯೆಂದು ಅವನು ಹೆದರಿದ್ದಾನೆಂಬುದು ತಮ್ಮನಿಗೆ ತಿಳಿಯಿತು. ಆಗಲಾದರೂ ಹೇಳಿಬಿಡಬೇಕಿತ್ತು.

"ಆ ಕಾಫಿ ಕೊಡು," ಎಂದ ಅಣ್ಣ.

ಲೋಟವನ್ನು ಮೂಗಿನ ಹತ್ತಿರ ಹಿಡಿದ. ಹಿಂದಿನ ವರ್ಷದ ಕೊನೆಯ ಮೂಟೆಯಿಂದ ಅತ್ತಿಗೆ ಅವತ್ತೇ ಹುರಿದು ಪುಡಿ ಮಾಡಿದ ಕಾಫಿ. ಹಬೆ ಅವನ ಮುಖಕ್ಕೆ ತಾಗಿತು. ಅವನು ಕಣ್ಣು ಮುಚ್ಚಿ ಆ ವಾಸನೆ ತೆಗೆದುಕೊಂಡ. ಕಣ್ಣು ತೆರೆದಾಗ ಮುಖದ ಹೆದರಿಕೆ ಹೋಗಿತ್ತು. ಅದರ ಜಾಗಕ್ಕೆ ಬಂದದ್ದನ್ನು ನೋಡಲಾರದೆ ತಮ್ಮ ನೆಲ ನೋಡಿದ.

ಲೋಟವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಅಣ್ಣ ಮೆಲ್ಲನೆ ಕೇಳಿದ. "ಕೊರಕಾನಾ?"

ತಮ್ಮ ಹೌದೆಂದು ತಲೆಯಾಡಿಸಿದ.

"ಎಲ್ಲಾನೂನಾ?"

"ಎಲ್ಲಾ ಅಣ್ಣ."

"ಅಜ್ಜನ ಪಟ್ಟೆ?"

"ಅದೂ."

ಹೊರಗೆ ಸೌದೆ ಕೊಟ್ಟಿಗೆಯ ಮೇಲೆ ಕಾಗೆಯೊಂದು ಕೂತು ಕೂಗಿ ಹೋಯಿತು. ಅಣ್ಣ ಸೂರಿನ ತೊಲೆಗಳನ್ನು ನೋಡುತ್ತ ಮಲಗಿದ್ದ.

"ಯಾವಾಗ?"

"ನೀನು ಆಸ್ಪತ್ರೇಲಿದ್ದಾಗ. ಹಣ್ಣಾಗೋಕೆ ಮುಂಚೆ."

"ಹಾಗಾದ್ರೆ ಇಷ್ಟು ದಿನ ನೀನು ಎಲ್ಲಿಗೆ ಹೋಗ್ತಿದ್ದೆ?"

"ಮರದ ಮಿಲ್ಲಿಗೆ."

"ಹೂಂ," ಎಂದ ಅಣ್ಣ. ಬಾಗಿಲ ಕಡೆ ಕಣ್ಣು ಹಾಯಿಸಿ, "ಅವಳಿಗೆ ಹೇಳಬೇಡ, ನನಗೆ ಗೊತ್ತಾಯ್ತು ಅಂತ. ನನಗೋಸ್ಕರ ಅವಳು ಎಷ್ಟು ಕಟ್ಟಿದಾಳೋ ಏನೋ. ಬೀಳಿಸೋದು ಬೇಡ" ಎಂದ. ಆಮೇಲೆ ಅಡುಗೆಮನೆಗೆ ಕೇಳುವ ಹಾಗೆ ದನಿಯೆತ್ತಿದ. "ಏ, ಕೇಳಿಸ್ತಾ? ಬಂತು ಕಣೇ ವಾಸನೆ. ಈಗ ಗಾಳಿ ತಿರುಗಿತು ನೋಡು. ಚೆನ್ನಾಗಿ ಬರ್ತಿದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ಮುಖ ಅರಳಿತ್ತು. ಎಷ್ಟೋ ದಿನಗಳ ಮೇಲೆ ಅವಳು ಹಾಗೆ ನಗುವುದನ್ನು ತಮ್ಮ ನೋಡಿದ. ಅವಳು ನಿಜಕ್ಕೂ ನಂಬಿದಳೋ, ನಂಬದೆ ಗತಿಯಿಲ್ಲವೆಂದು ನಂಬಿದಳೋ, ಅವನಿಗೆ ಕೊನೆಯ ತನಕ ತಿಳಿಯಲಿಲ್ಲ.

ಮುಂದಿನ ವಾರ ನರ್ಸಮ್ಮ ಯಾರನ್ನೂ ಕೇಳದೆ ಗಾಲಿ ಕುರ್ಚಿಯನ್ನು ತಂದೇಬಿಟ್ಟಳು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಅಣ್ಣ ಕುರ್ಚಿಯ ಗಾಲಿಯನ್ನು ಒಮ್ಮೆ ಕೈಯಿಂದ ತಿರುಗಿಸಿ ನೋಡಿ, "ಒಳ್ಳೆ ಗಾಡಿ ನರ್ಸಮ್ಮ. ನನಗೆ ಬೇಡ" ಎಂದ.

"ಯಾಕೆ? ಹೊರಗಡೆ ನೋಡೋ ಆಸೆ ಇಲ್ವಾ?"

"ಹೂವಲ್ಲಿರೋವಾಗ ತೋಟದೊಳಗೆ ಓಡಾಡಬಾರದು. ಹೂವು ಉದುರುತ್ತೆ."

"ಹೂವಾ?" ಎಂದು ನರ್ಸಮ್ಮ ತಮ್ಮನ ಮುಖ ನೋಡಿದಳು. ಅವಳು ಬಂದದ್ದು ಮುಂದಿನ ರಸ್ತೆಯಿಂದ. ಬಗ್ಗಿ ಬ್ಯಾಂಡೇಜು ಬಿಚ್ಚತೊಡಗಿದಳು.

ಅಂದಿನಿಂದ ಆ ಮನೆಯಲ್ಲಿ ನಡೆದದ್ದನ್ನು ತಮ್ಮ ಯಾರಿಗೂ ಹೇಳುವಂತಿರಲಿಲ್ಲ. ದಿನಾ ಬೆಳಿಗ್ಗೆ ಅಣ್ಣ ತೋಟ ಹೇಗಿದೆಯೆಂದು ಅತ್ತಿಗೆಯನ್ನು ಕೇಳುತ್ತಿದ್ದ. ಕೇಳದಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು. ಅತ್ತಿಗೆ ಗಂಡನ ತಲೆ ಬಾಚುತ್ತ, ಉಗುರು ಕತ್ತರಿಸುತ್ತ ತೋಟದ ಸುದ್ದಿ ಹೇಳುತ್ತಿದ್ದಳು. ಒಂದು ಸಲ ಕಾಯಿಯ ಭಾರಕ್ಕೆ ಕೊಂಬೆ ಬಗ್ಗಿದೆ ಎಂದುಬಿಟ್ಟಳು. ಹೂ ಉದುರಿ ಇನ್ನೂ ಹೆಚ್ಚು ದಿನ ಆಗಿರದ ಕಾಲ ಅದು. ಅಣ್ಣ ಸಾವಕಾಶವಾಗಿ, "ಬಗ್ಗಿದ ಹಾಗೆ ಕಂಡಿರುತ್ತೆ ನಿನಗೆ. ಕಾಯಿ ಈಗ ಇನ್ನೂ ಮೆಣಸಿನ ಕಾಳಷ್ಟು ಇರಬೇಕಲ್ವಾ?" ಎಂದ.

"ಹೌದು ಹೌದು, ಮೆಣಸಿನ ಕಾಳಷ್ಟೇ. ಎಲೆ ಭಾರಕ್ಕೆ ಬಗ್ಗಿರೋದು."

"ಹಾಗೆ ಹೇಳು ಮತ್ತೆ."

ತಮ್ಮ ಎದ್ದು ಬಾವಿಕಟ್ಟೆಗೆ ಹೋಗಿ ಬರಿದೇ ಎರಡು ಕೊಡ ನೀರು ಸೇದಿ ಸುರಿದ.

ಅತ್ತಿಗೆ ಪಟ್ಟಣಕ್ಕೆ ಔಷಧಿ ತರಲು ಹೋದ ದಿನ ಅಣ್ಣ ತಮ್ಮನನ್ನು ಹತ್ತಿರ ಕೂರಿಸಿಕೊಂಡ. "ಹೇಗೆ ಕಿತ್ರಿ, ಹೇಳು" ಎಂದ. ತಮ್ಮ ಬೇಡವೆಂದ. ಅಣ್ಣ ಬಿಡಲಿಲ್ಲ. ಕೆಳಗಿನ ಸಾಲಿನಿಂದ ಶುರುಮಾಡಿದ್ದು, ಗಿಡದ ನೆತ್ತಿಗೆ ಹಗ್ಗ ಕಟ್ಟಿ ಎಳೆದದ್ದು, ಕೆಲವು ಎಳೆಯುವ ಮೊದಲೇ ಮುರಿದದ್ದು, ಹಸಿರು ಕಾಯಿಯ ಸಮೇತ ರಾಶಿ ಹಾಕಿ ಸುಟ್ಟದ್ದು, ಹೊಗೆಗೆ ಕಣ್ಣು ಉರಿದದ್ದು ಎಲ್ಲ ತಮ್ಮ ಹೇಳಿದ. ಅಜ್ಜನ ಪಟ್ಟೆಯ ಬುಡಗಳು ಮಾತ್ರ ತೊಡೆಯಷ್ಟು ದಪ್ಪವಿದ್ದವು. ಆಳುಗಳು ಅದಕ್ಕೆ ಕೈ ಹಾಕಲು ಹಿಂದೆಮುಂದೆ ನೋಡಿದರು.

"ಮತ್ತೆ ಯಾರು ಕಡಿದ್ರು?"

"ನಾನೇ."

"ಒಳಗೆ ಹುಳು ಇತ್ತಾ?"

"ಇತ್ತು ಅಣ್ಣ. ಒಳಗೆಲ್ಲ ಟೊಳ್ಳು."

"ಇದ್ದದ್ದು ನಿಜ ತಾನೆ? ಸುಮ್ಮನೆ ಹೇಳ್ತಿಲ್ಲ ತಾನೆ?"

"ನಿಜ."

ಅಣ್ಣ ಅವನ ಮೊಣಕೈ ಹಿಡಿದುಕೊಂಡ. ಹಿಡಿತದಲ್ಲಿ ಮುಂಚಿನ ಬಲ ಇರಲಿಲ್ಲ. "ಸರಿ ಬಿಡು. ಟೊಳ್ಳಾಗಿದ್ರೆ ಕಡೀಬೇಕು," ಎಂದ. ಮತ್ತೆ ಆ ಮಾತು ಅವರಿಬ್ಬರ ನಡುವೆ ಬರಲಿಲ್ಲ.

ಅಣ್ಣ ಹಠ ಮಾಡಲಿಲ್ಲ, ಗೋಡೆಗೆ ಮುಖವನ್ನೂ ತಿರುಗಿಸಲಿಲ್ಲ. ಅತ್ತಿಗೆ ತುತ್ತು ಕೊಟ್ಟರೆ ಬಾಯಿ ತೆರೆಯುತ್ತಿದ್ದ. ಅವಳು ಎದ್ದು ಹೋದ ಮೇಲೆ ಕೆನ್ನೆಯಲ್ಲಿ ಉಳಿದದ್ದನ್ನು ಬಟ್ಟೆಗೆ ಉಗಿದು ತಮ್ಮನ ಕೈಗೆ ಕೊಡುತ್ತಿದ್ದ. ತಮ್ಮ ಅದನ್ನು ಹಿತ್ತಿಲಲ್ಲಿ ಮಣ್ಣು ಮಾಡುತ್ತಿದ್ದ. ಬೇಡವೆನ್ನುವ ಧೈರ್ಯವಾಗಲಿ, ಅತ್ತಿಗೆಗೆ ತಿಳಿಸುವ ಧೈರ್ಯವಾಗಲಿ ಅವನಿಗೆ ಬರಲಿಲ್ಲ. ಬೆನ್ನಿನ ಹುಣ್ಣು ಮಾಯಲಿಲ್ಲ. ಜ್ವರ ಬಂತು, ಇಳಿಯಿತು, ಮತ್ತೆ ಬಂತು. ನರ್ಸಮ್ಮ ಎರಡು ದಿನಕ್ಕೊಮ್ಮೆ ಬರತೊಡಗಿದಳು. ಕಾಯಿ ಗಟ್ಟಿಯಾಗಬೇಕಾಗಿದ್ದ ಕಾಲಕ್ಕೆ, ಒಂದು ಮಧ್ಯಾಹ್ನ, ಅತ್ತಿಗೆ ಅಜ್ಜನ ಪಟ್ಟೆಯ ಕಾಯಿ ಎಲ್ಲಕ್ಕಿಂತ ದಪ್ಪಗಿದೆ ಎಂದು ಹೇಳುತ್ತಿದ್ದಾಗ ಅಣ್ಣ ಹೂಂಗುಟ್ಟುವುದು ನಿಂತಿತು. ಅವಳು ಇನ್ನೂ ನಾಲ್ಕು ಮಾತು ಹೇಳಿ ಆಮೇಲೆ ಗಂಡನ ಮುಖ ನೋಡಿದಳು.

ಮಣ್ಣಿಗೆ ಬಂದ ಜನರೆಲ್ಲ ಹೋದ ಮೇಲೆ ಮಾರನೆಯ ಸಂಜೆ ಮನೆ ಖಾಲಿಯಾಯಿತು. ರೇಡಿಯೋ ಕೂಡ ಅವತ್ತು ಒಂದು ಮಾತೂ ಆಡದೆ ಮೂಲೆಯಲ್ಲಿ ಕೂತಿದ್ದು ಎದ್ದು ಹೋದ. ಅತ್ತಿಗೆ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ತಮ್ಮ ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತ. ಇಬ್ಬರ ಮುಂದೆಯೂ ಇಳಿಜಾರು. ಗುಂಡಿಗಳು ಅರ್ಧ ಮುಚ್ಚಿ ಅಲ್ಲಲ್ಲಿ ಹುಲ್ಲು ಹುಟ್ಟಿತ್ತು.

"ಕೊನೇವರೆಗೂ ಅವರಿಗೆ ತೋಟ ಇತ್ತು," ಎಂದಳು ಅತ್ತಿಗೆ. "ಅಷ್ಟಾದ್ರೂ ಮಾಡಿದ್ವಲ್ಲ ನಾವು."

ತಮ್ಮ ಮೆಟ್ಟಿಲ ಸಂದಿಯಲ್ಲಿ ಹುಟ್ಟಿದ್ದ ಹುಲ್ಲನ್ನು ಕಿತ್ತ.

"ಅಲ್ವೇನೋ?"

"ಹೌದು ಅತ್ತಿಗೆ," ಎಂದ.

ಕೆಳಗಿನ ಮನೆಯ ಕೆಂದ ಹಸು ಬೇಲಿಯ ಸಂದಿನಿಂದ ನುಗ್ಗಿ ಮೇಲಕ್ಕೆ ಬರುತ್ತಿತ್ತು. ಗಿಡಗಳ ಸಾಲು ಇದ್ದಲ್ಲಿ ಅದು ಅಡ್ಡಡ್ಡ ನಡೆದು, ಒಂದು ಕಡೆ ನಿಂತು ಹುಲ್ಲಿಗೆ ಬಾಯಿ ಹಾಕಿತು. ಅತ್ತಿಗೆಯ ಕೈ ಹಸುವನ್ನು ಅಟ್ಟಲೆಂದು ಮೇಲೆದ್ದಿತು. ಹಾಗೇ ಸ್ವಲ್ಪ ಹೊತ್ತು ನಿಂತು, ಮತ್ತೆ ಮಡಿಲಿಗೆ ಇಳಿಯಿತು. ಹಸು ಒಮ್ಮೆ ತಲೆಯೆತ್ತಿ ಅವರ ಕಡೆ ನೋಡಿ, ಇನ್ನೂ ಮೇಲಕ್ಕೆ ಹತ್ತಿತು.